ಆನೆ ಬಂತು ಎನ್ನುವ ಹಕ್ಕು

ನವೆಂಬರ್ 18, ಮಂಗಳವಾರ

ಇವತ್ತಿನಿಂದ ನಾನೂ ಒಬ್ಬ ಯಜಮಾನಿ. ಮನೆಗಲ್ಲ. ಮನೆಗೆ ಮಾವ ಸಿದ್ದಬಸಪ್ಪನವರು ಇನ್ನೂ ಗಟ್ಟಿಯಾಗಿದ್ದಾರೆ. ದಿನಸಿ ಅಂಗಡಿಗೆ ಗಂಡ ಮಲ್ಲೇಶ್ ಇದ್ದಾರೆ. ಅದರ ಪಕ್ಕದ ಜೆರಾಕ್ಸ್ ಅಂಗಡಿ ಮೊದಲಿನಿಂದಲೂ ನನ್ನದೇ. ಈಗ ಹೊಸದಾಗಿ ಸಿಕ್ಕಿರುವುದು ಒಂದು ಸರ್ವರ್‌ನ ಯಜಮಾನಿಕೆ. ಬೆಳೆಗಾರರ ಕೂಟದ ಆನೆ ಸರ್ವರ್.

ಇಲ್ಲಿಯವರೆಗೆ ಅದನ್ನು ನೋಡಿಕೊಳ್ಳುತ್ತಿದ್ದ ಕಾಲೇಜಿನ ಮೇಷ್ಟರಿಗೆ ವರ್ಗವಾಯಿತು. ಹೋಗುವಾಗ ಪಾಸ್‌ವರ್ಡ್ ನನ್ನ ಕೈಗಿಟ್ಟು, “ನಿಮ್ಮಷ್ಟು ಚುರುಕಾಗಿ ಕಂಪ್ಯೂಟರ್ ಕೆಲಸ ಮಾಡುವವರು ಮೂಡಿಗೆರೆಯಲ್ಲಿ ಇನ್ನೊಬ್ಬರಿಲ್ಲ” ಎಂದರು. ಸತ್ಯವನ್ನು ಯಾಕೆ ಅಲ್ಲಗಳೆಯಲಿ? ಒಪ್ಪಿಕೊಂಡೆ.

ಹೋದ ವರ್ಷ ಕಾಫಿ ಹಣ್ಣಿನ ಕಾಲದಲ್ಲಿ ನಮ್ಮ ಮನೆಯ ಹಿಂದಿರುವ ಮನೆಯ ನಾಗಶ್ರೀಯ ಅತ್ತೆ ತೋಟಕ್ಕೆ ಹೋಗುವ ದಾರಿಯಲ್ಲೇ ಆನೆಗೆ ಸಿಕ್ಕು ಸತ್ತರು. ಆಮೇಲೆ ಹುಟ್ಟಿದ್ದು ಈ ಕೂಟ. ಕೆಲಸ ಸರಳ. ಆನೆ ಕಂಡವರು ಫೋನಿನಲ್ಲಿ ಜಾಗ ಆರಿಸಿ ಕೆಂಪು ಗುಂಡಿ ಒತ್ತುತ್ತಾರೆ. ಸರ್ವರ್ ಆ ಸುತ್ತಿನಲ್ಲಿ ಕೆಲಸಕ್ಕೆ ಹೋಗುವವರಿಗೆ, ಹೆಸರು ಕೊಟ್ಟ ಊರವರಿಗೆಲ್ಲ ಒಟ್ಟಿಗೆ ಕರೆ ಮಾಡಿ, “ಹೊನ್ನೆಕೊಪ್ಪದಲ್ಲಿ ಆನೆ ಇದೆ, ಹೋಗಬೇಡಿ” ಎನ್ನುತ್ತದೆ. ಆದರೆ ಎಲ್ಲರೂ ಗುಂಡಿ ಒತ್ತುವಂತಿಲ್ಲ. ಸರ್ವರ್ ಒಳಗೆ ಊಟದ ಮನೆಯ ಹಾಗೆ ಮೂರು ಪಂಕ್ತಿ. ನೋಡುವವರ ಪಂಕ್ತಿಗೆ ಕರೆ ಬರುತ್ತದೆ, ಅಷ್ಟೇ. ಹೇಳುವವರು ತಾವು ಕಂಡದ್ದನ್ನು ಬರೆದು ಹಾಕಬಹುದು. ಗುಂಡಿ ಒತ್ತುವ ಹಕ್ಕು ಕೂಗುವವರಿಗೆ ಮಾತ್ರ. ಯಾರು ಯಾವ ಪಂಕ್ತಿಯಲ್ಲಿ ಕೂರಬೇಕೆಂದು ಎಲೆ ಹಾಕುವವಳು ನಾನು. ಮೇಷ್ಟರ ಕಾಲದಲ್ಲಿ ಕೂಗುವವರು ಐದೇ ಜನ ಇದ್ದರು.

ಕೂಟದ ಅಧ್ಯಕ್ಷರು ಬೈನೆಖಾನ್ ಎಸ್ಟೇಟಿನ ಪುಟ್ಟಸ್ವಾಮಿ ಗೌಡರು. ಪೇಟೆಯಲ್ಲಿರುವ ಅವರ ಕಾಫಿ ಗೋಡೌನಿನ ಮೇಲಿನ ಕೋಣೆಯಲ್ಲೇ ಸರ್ವರ್ ಇರುವುದು. ಕೋಣೆ ಅವರದು, ಕರೆಂಟು ಅವರದು. ಕೀ ಕೊಡುವಾಗ, “ನಿನ್ನ ಕೈಲಿದ್ರೆ ನಂಗೆ ನಿಶ್ಚಿಂತೆ ಕಣಮ್ಮ. ನಮ್ಮ ಸಿದ್ದಬಸಪ್ಪನ ಸೊಸೆ, ಯಾರಿಗೂ ಎದುರಾಡಿದವಳಲ್ಲ” ಎಂದರು.

ಹೊಗಳಿಕೆ. ಮರೆಯಬಾರದೆಂದು ಬರೆದಿಟ್ಟಿದ್ದೇನೆ.

ನವೆಂಬರ್ 22, ಶನಿವಾರ

ಸುದ್ದಿ ಬಸ್ ಸ್ಟ್ಯಾಂಡಿನಿಂದ ಹೊರಟು ಸಂತೆ ಮುಟ್ಟಿದೆ. ಜೆರಾಕ್ಸಿಗೆ ಬಂದವರೆಲ್ಲ ಜೊತೆಗೆ ಒಂದು ಕೂಗುವ ಹಕ್ಕನ್ನೂ ಕೇಳುತ್ತಾರೆ.

ಈ ಮನೆಯಲ್ಲಿ ಒಂದು ಪದ್ಧತಿ ಇದೆ. ಅಂಗಡಿ ಕಟ್ಟೆಗೆ ಬಂದವರ ಮುಖಕ್ಕೆ ‘ಇಲ್ಲ’ ಎನ್ನಬಾರದು. ಉಪ್ಪು ಮುಗಿದು ಡಬ್ಬ ಗುಡಿಸಿಟ್ಟಿದ್ದರೂ “ಉಪ್ಪು ಹೆಚ್ಚಿದೆ, ನಾಳೆ ಬನ್ನಿ” ಎನ್ನಬೇಕು. ‘ಇಲ್ಲ’ ಎಂದರೆ ಲಕ್ಷ್ಮಿ ಕೇಳಿಸಿಕೊಂಡು ಎದ್ದು ಹೋಗುತ್ತಾಳೆಂದು ಮಾವನವರ ನಂಬಿಕೆ. ಮದುವೆಯಾಗಿ ಬಂದ ವಾರವೇ ಕಲಿತೆ. ಈಗ ಆ ಶಬ್ದ ನನ್ನ ನಾಲಿಗೆಯ ದಾರಿಯನ್ನೇ ಮರೆತಿದೆ.

“ಅಕ್ಕ, ನಂಗೂ ಒಂದು ಕೂಗೋ ಪರ್ಮಿಷನ್ ಹಾಕಿ.”

“ನಿಮ್ಮ ತೋಟ ಎಲ್ಲಿ?”

“ತೋಟ ಎಲ್ಲಿಂದ ಬಂತು? ಪೆಟ್ರೋಲ್ ಬಂಕಿನ ಹತ್ರ ಪಂಚರ್ ಅಂಗಡಿ. ಆದ್ರೂ ಒಂದು ಇರ್ಲಿ.”

ಹಾಕಿದೆ. ಅವನ ಹಿಂದೆ ನಿಂತಿದ್ದವನು ತಮ್ಮನಿಗಾಗಿ ಕೇಳಿದ. “ಅವನಿಗೆ ಹೆಣ್ಣು ನೋಡ್ತಿದೀವಿ. ಆನೆ ಕೂಟದಲ್ಲಿ ಅಧಿಕಾರ ಇದೆ ಅಂದ್ರೆ ಹುಡುಗನಿಗೊಂದು ತೂಕ.” ಅವನಿಗೂ ಹಾಕಿದೆ. ಶುಭಕಾರ್ಯ ತಾನೇ.

ರಾತ್ರಿ ಊಟಕ್ಕೆ ಕೂತಾಗ ಮಲ್ಲೇಶ್, “ಈಗೆಷ್ಟು ಜನ ಆದ್ರು?” ಎಂದರು. ಐದು ಇದ್ದದ್ದು ಐವತ್ತು ದಾಟಿದೆ ಎಂದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಮೇಷ್ಟರು ಒಳ್ಳೆಯವರೇ, ಆದರೆ ಜನರ ಒಡನಾಟ ಸಾಲದು. ಅಷ್ಟು ದೊಡ್ಡ ಕೂಟಕ್ಕೆ ಐದು ಜನ ಎಂದರೆ ಯಾರಿಗಾದರೂ ಬೇಸರವಾಗುವುದಿಲ್ಲವೇ?

ಡಿಸೆಂಬರ್ 3, ಬುಧವಾರ

ಸಂಜೆ ದೇವರಾಜನ ಜೀಪು ಅಂಗಡಿ ಮುಂದೆ ನಿಂತಿತು. ಹಣ್ಣು ಕುಯ್ಯುವ ಹೆಂಗಸರನ್ನು ದಿನಾ ತೋಟಗಳಿಗೆ ಕರೆದೊಯ್ದು ವಾಪಸ್ ತರುವವನು ಅವನು. ಹಿಂದಿನ ಸೀಟಿನಲ್ಲಿ ನಾಗಶ್ರೀಯೂ ಇದ್ದಳು.

“ರಜನಿಯಕ್ಕ, ನಿಮ್ಮ ಆನೆ ಭಾರೀ ಬುದ್ಧಿವಂತ ಮಾರಾಯ್ತಿ,” ಎಂದ ದೇವರಾಜ. “ಬೆಳಿಗ್ಗೆ ಹೊನ್ನೆಕೊಪ್ಪದ ಕ್ರಾಸಿಗೆ ಮುಟ್ಟೋ ಹೊತ್ತಿಗೆ ಸರಿಯಾಗಿ ಎಲ್ರ ಫೋನೂ ಹೊಡ್ಕೊಂಡ್ವು. ಹೊನ್ನೆಕೊಪ್ಪದಲ್ಲಿ ಆನೆ! ಜೀಪು ತಿರುಗಿಸ್ತೀನಿ, ಬೈನೆಖಾನಲ್ಲಿ ಆಳುಗಳ ಲೆಕ್ಕ ಬರೆಯೋ ರೈಟರ್ ಅಲ್ಲೇ ಕ್ರಾಸಲ್ಲಿ ನಿಂತಿದಾನೆ. ‘ಹೆಂಗೂ ಬಂದಿದೀರಿ, ನಮ್ಮಲ್ಲಿಗೆ ಬನ್ನಿ, ಮಧ್ಯಾಹ್ನ ಕೋಳಿ ಸಾರು’ ಅಂದ.”

“ಸಾರು ಚೆನ್ನಾಗೇ ಇತ್ತು,” ಎಂದಳು ನಾಗಶ್ರೀ. “ಆದ್ರೆ ನೂರು ಜನಕ್ಕೆ ಸಾರು ಮಾಡ್ಬೇಕಂದ್ರೆ ಕೋಳಿ ಬೆಳಗಾಗೋಕೆ ಮುಂಚೆನೇ ಕುಯ್ದಿರ್ಬೇಕು. ಆನೆ ಬರೋದು ಕೋಳಿಗೆ ಮೊದ್ಲೇ ಗೊತ್ತಿತ್ತು ಕಣೆ.”

ಜೀಪಿನೊಳಗೆಲ್ಲ ನಗು. ನಾನೂ ನಕ್ಕೆ. ಅವರು ಹೋದ ಮೇಲೆ ಸರ್ವರ್ ತೆರೆದು ನೋಡಿದರೆ, ಕೂಗಿದ್ದು ಪುಟ್ಟಸ್ವಾಮಿ ಗೌಡರ ಹೆಸರಿನಲ್ಲೇ. ಹಾಗಿದ್ದರೆ ಕಂಡಿರಲೇಬೇಕು. ದೊಡ್ಡವರಿಗೆ ದೂರದೃಷ್ಟಿ ಜಾಸ್ತಿ.

ಡಿಸೆಂಬರ್ 9, ಮಂಗಳವಾರ

ಹೊನ್ನೆಕೊಪ್ಪದ ಮೇಲೆ ಮತ್ತೆ ಮತ್ತೆ ಕೂಗು. ಅಲ್ಲಿರುವವರೆಲ್ಲ ಎರಡು ಎಕರೆ, ಮೂರು ಎಕರೆಯ ಸಣ್ಣ ಬೆಳೆಗಾರರು. ಕುಯ್ಯುವವರು ಬಾರದೆ ಹಣ್ಣು ಗಿಡದಲ್ಲೇ ಕಪ್ಪಾಗುತ್ತಿದೆ. ಇಬ್ಬರು ಅಂಗಡಿಗೆ ಬಂದು, “ನಮ್ಮೂರಲ್ಲಿ ಆನೆ ಲದ್ದಿ ಕೂಡ ಇಲ್ಲ ತಾಯಿ” ಎಂದು ಕೈ ಮುಗಿದರು. ಸರಿ, ಕೇಳಿಯೇ ಬಿಡೋಣವೆಂದು ಮಲ್ಲೇಶ್ ಅವರ ಸ್ಕೂಟರ್ ತೆಗೆದುಕೊಂಡು ಬೈನೆಖಾನ್ ಬಂಗಲೆಗೆ ಹೋದೆ.

ಗೌಡರು ಜಗಲಿಯಲ್ಲಿ ನಾಲ್ಕು ಜನರೊಂದಿಗೆ ಕೂತಿದ್ದರು.

“ಗೌಡ್ರೆ, ಹೊನ್ನೆಕೊಪ್ಪದವರು ಆನೆ ಕಾಣ್ಲಿಲ್ಲ ಅಂತಿದಾರೆ.”

“ಅವ್ರು ಕಾಣದಿದ್ರೆ ಬಂದಿಲ್ಲ ಅಂತಾನಾ? ನಾನು ಕಂಡೆ. ಹೋಗುವಾಗ ಆನೆ ನನ್ನ ಹತ್ರ ರಸೀದಿ ಬರೆಸ್ಕೊಂಡು ಹೋಗ್ಬೇಕಿತ್ತಾ?”

ಜಗಲಿಯೆಲ್ಲ ನಕ್ಕಿತು. ನನಗೂ ನಗು ಬಂತು. ಮಾತು ಅಷ್ಟು ಚೆನ್ನಾಗಿತ್ತು. ಕಾಫಿ ತಂದಿಟ್ಟ ಅವರ ಹೆಂಡತಿ ವಿಮಲಮ್ಮ ಒಬ್ಬರೇ ನಗಲಿಲ್ಲ. ಪಾಪ, ತಲೆನೋವಿದ್ದಿರಬೇಕು. ಕಾಫಿ ಕುಡಿದು ಬಂದೆ. ಹೆದರಿ ಬಂದದ್ದಲ್ಲ. ಮನೆಗೆ ಬಂದ ಹೆಣ್ಣುಮಗಳಿಗೆ ಕಾಫಿ ಕೊಟ್ಟವರ ಹತ್ತಿರ ವಾದ ಹಾಕುವುದು ಹೇಗೆ?

ದಾರಿಯಲ್ಲೇ ಉಪಾಯ ಹೊಳೆಯಿತು. ಗೌಡರ ಕೈಯಿಂದ ಕಿತ್ತುಕೊಂಡು ಮನಸ್ಸು ನೋಯಿಸುವುದು ಯಾಕೆ? ಹೊನ್ನೆಕೊಪ್ಪದವರ ಕೈಗೂ ಗುಂಡಿ ಕೊಟ್ಟರೆ ತಕ್ಕಡಿ ಸಮನಾಯಿತು. ಮನೆ ಮುಟ್ಟಿದ ಕೂಡಲೇ ಅವರಿಗೆಲ್ಲ ಕೂಗುವ ಹಕ್ಕು ಕೊಟ್ಟೆ. ಮೇಷ್ಟರಿಗೆ ಇದು ಹೊಳೆಯುತ್ತಿರಲಿಲ್ಲ.

ಡಿಸೆಂಬರ್ 13, ಶನಿವಾರ

ಫೋನಿನ ಮಾತು ನಂಬುವುದಾದರೆ ಈ ತಾಲ್ಲೂಕಿನಲ್ಲಿ ಈಗ ಕಾಫಿ ಗಿಡಕ್ಕಿಂತ ಆನೆ ಹೆಚ್ಚು.

ಗೌಡರ ಕಡೆಯವರು ಹೊನ್ನೆಕೊಪ್ಪದ ಮೇಲೆ ಆನೆ ಬಿಟ್ಟರೆ, ಹೊನ್ನೆಕೊಪ್ಪದವರು ಬೈನೆಖಾನ್ ಮೇಲೆ ಎರಡು ಬಿಡುತ್ತಾರೆ. ಪಂಚರ್ ಅಂಗಡಿಯವನು ಗುಂಡಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಒತ್ತಿದನಂತೆ. ಮದುವೆ ಗಂಡು ಹೆಣ್ಣಿನ ಕಡೆಯವರ ಎದುರು ತನ್ನ ಅಧಿಕಾರ ತೋರಿಸಲು ಒತ್ತಿದ. ಬಯಲುಸೀಮೆಯಿಂದ ಬಂದಿದ್ದ ಹೆಣ್ಣಿನ ಅಪ್ಪ ಉಪ್ಪಿಟ್ಟು ಅರ್ಧಕ್ಕೆ ಬಿಟ್ಟು ಬಸ್ ಹತ್ತಿದ. ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ ಎಂದು ಮಾವನವರು ಬೆಲ್ಲ ಒಡೆಯುತ್ತ ಗೊಣಗಿದರು. ಯಾರಿಗೆ ಹೇಳಿದರೋ ಕೇಳಲಿಲ್ಲ.

ಸಂಜೆ ನಾಗಶ್ರೀ ಸೀಮೆಎಣ್ಣೆ ಬತ್ತಿ ಕೊಳ್ಳಲು ಬಂದಳು.

“ನಿನ್ನ ಆನೆ ನಂಬರನ್ನ ಬ್ಲಾಕ್ ಮಾಡಿದೀನಿ ಕಣೆ. ಜೀಪಲ್ಲಿ ಎಲ್ರೂ ಮಾಡಿದಾರೆ.”

“ನಿಜವಾಗ್ಲೂ ಆನೆ ಬಂದ್ರೆ?”

“ಬಂದ್ರೆ ಅದೇ ಘೀಳಿಡುತ್ತೆ. ಅದಕ್ಕೆ ಸುಳ್ಳು ಹೇಳಕ್ಕೆ ಬರಲ್ಲ.”

ಡಿಸೆಂಬರ್ 14, ಭಾನುವಾರ

ಇಡೀ ದಿನ ಕರೆಗಳ ಲೆಕ್ಕ ನೋಡುತ್ತ ಕೂತೆ. ಸರ್ವರ್ ಕೂಗುತ್ತದೆ, ಯಾರೂ ಎತ್ತುವುದಿಲ್ಲ. ನಾಗಶ್ರೀ ಬ್ಲಾಕ್ ಮಾಡಿದ್ದಾಳೆ. ನಾಗಶ್ರೀ! ಅತ್ತೆಯನ್ನು ಕಳೆದುಕೊಂಡವಳು.

ಊಟ ರುಚಿಸಲಿಲ್ಲ.

ಡಿಸೆಂಬರ್ 17, ಬುಧವಾರ

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ದಾರಿ ಸಿಕ್ಕಿತು. ಬೆಳಿಗ್ಗೆ ಬಚ್ಚಲಲ್ಲಿ ಮುಖ ತೊಳೆಯುವಾಗ ಹೊಳೆಯಿತು.

ಇನ್ನು ಮುಂದೆ ಯಾರೂ ಇನ್ನೊಬ್ಬರ ತೋಟದ ಮೇಲೆ ಆನೆ ಕೂಗುವಂತಿಲ್ಲ. ಅವರವರ ತೋಟಕ್ಕೆ ಅವರವರೇ. ಗೌಡರು ಒತ್ತಿದರೆ ಬೈನೆಖಾನಿನಲ್ಲಿ ಆನೆ ಇದೆ ಎಂದು ಮಾತ್ರ ಕರೆ ಹೋಗುತ್ತದೆ. ತನ್ನ ತೋಟದ ಮೇಲೆ ಯಾವನು ಸುಳ್ಳು ಆನೆ ಬಿಡುತ್ತಾನೆ? ಬಿಟ್ಟರೆ ಕುಯ್ಯುವವರು ಅವನಲ್ಲಿಗೇ ಬರುವುದಿಲ್ಲ. ಜೊತೆಗೆ ಕೂಗಿದವರ ಹೆಸರನ್ನೂ ಕರೆಯಲ್ಲೇ ಹೇಳಿಸುತ್ತೇನೆ.

ಮೊದಲು ಎಲ್ಲರ ಹಕ್ಕನ್ನೂ ಒಂದೇ ಸಲಕ್ಕೆ ತೆಗೆದು, ತೋಟವಿರುವವರಿಗೆ ಮಾತ್ರ ಅವರವರ ಜಾಗಕ್ಕೆ ಕಟ್ಟಿ ಕೊಟ್ಟೆ. ನನಗೆ ತೋಟವಿಲ್ಲವಾದ್ದರಿಂದ ನನ್ನ ಕೂಗುವ ಹಕ್ಕನ್ನೂ ತೆಗೆದೆ. ನ್ಯಾಯವೆಂದರೆ ನ್ಯಾಯ. ಗೌಡರ ಪಾಸ್‌ವರ್ಡ್ ಅವರ ಎಸ್ಟೇಟ್ ಆಫೀಸಿನ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದೆ ಎಂದು ದೇವರಾಜ ಹೇಳಿದ್ದ. ಅದನ್ನೂ ಬದಲಾಯಿಸಿ, ಹೊಸದನ್ನು ಅವರ ಕೈಗೆ ಮಾತ್ರ ಕೊಟ್ಟೆ.

ಕೂಟದ ಸಭೆಯಲ್ಲಿ ನಾನೇ ಎದ್ದು ನಿಂತು ಇದನ್ನು ಹೇಳಿದೆ. ಗೌಡರು ಸ್ವಲ್ಪ ಹೊತ್ತು ಮೀಸೆ ಸವರಿಕೊಂಡು, “ಒಳ್ಳೇ ರೂಲು. ನನ್ನ ತೋಟಕ್ಕೆ ನಾನೇ. ಒಪ್ಪಿದೆ” ಎಂದರು. ಎಲ್ಲರ ಎದುರು ಬೇರೇನು ಹೇಳುತ್ತಾರೆ?

ಪಂಚರ್ ಅಂಗಡಿಯವನು ಬಾಗಿಲಲ್ಲಿ ಹಿಡಿದ.

“ಅಕ್ಕ, ನಂದು?”

“ನಿಂಗೆ ನೋಡೋದು ಮಾತ್ರ.”

“ಕೂಗೋದು?”

“ಬೇಡ.”

ಮುಖ ಸಪ್ಪಗೆ ಮಾಡಿಕೊಂಡು ಹೋದ. ಸಂಜೆ ನಮ್ಮ ಸ್ಕೂಟರಿಗೆ ಗಾಳಿ ಹಾಕಿಸಲು ಹೋದರೆ ಎಂದಿನಂತೆ ಹಾಕಿದ.

ಆಮೇಲೆ ನಾಗಶ್ರೀಯ ಮನೆಗೆ ಹೋಗಿ, ಬ್ಲಾಕ್ ತೆಗೆ ಎಂದು ಕೂತೆ.

“ಮತ್ತೆ ಕಿವಿ ಕಿತ್ಹೋಗೋ ಹಾಗೆ ಹೊಡ್ಕೊಂಡ್ರೆ ನಿನ್ನ ಅಂಗಡಿ ಮುಂದೆ ಫೋನ್ ಎಸೆದು ಹೋಗ್ತೀನಿ.”

“ಇನ್ಮೇಲೆ ಹೊಡೆದ್ರೆ ನಿಜ. ಹೊಡೀದಿದ್ರೆ ದಾರಿ ಸಲೀಸು. ನಾನು ಹೇಳ್ತಿದೀನಲ್ಲ?”

“ನಿನ್ನ ಮಾತಿಗೆ ತೆಗೀತಿದೀನಿ ನೋಡು,” ಎಂದು ನನ್ನೆದುರೇ ತೆಗೆದಳು. ಜೀಪಿನವರಿಗೆಲ್ಲ ತೆಗೆಸುವ ಹೊಣೆಯನ್ನೂ ಹೊತ್ತಳು.

ಡಿಸೆಂಬರ್ 27, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಎಲ್ಲ ಸರಿಯಾಗಿದ್ದರೆ ಬರೆಯುವುದೇನು?

ಸೋಮವಾರ ಹೊನ್ನೆಕೊಪ್ಪದಲ್ಲಿ ನಿಜವಾದ ಆನೆಗಳೇ ಬಂದವು, ಮರಿ ಸಮೇತ. ತೋಟದವನು ಒತ್ತಿದ, ಸರ್ವರ್ ಕೂಗಿತು, ಜನ ನಿಂತರು. ಆನೆಗಳು ಬಾಳೆ ತಿಂದು ತಮ್ಮ ಪಾಡಿಗೆ ಹಳ್ಳ ಇಳಿದವು. ಯಾರಿಗೂ ಒಂದು ಗೀರೂ ಇಲ್ಲ. ದೇವರಾಜ ಈಗ ಜೀಪು ಹೊರಡಿಸುವ ಮುಂಚೆ ಫೋನಿಗೆ ಕೈ ಮುಗಿಯುತ್ತಾನೆ. “ಹೊಡೀಲಿಲ್ಲ ಅಂದ್ರೆ ಹೊರಟೆ ಅಂತ ಅರ್ಥ ಅಕ್ಕ. ಬೀದಿ ನಾಯಿ ಅಡ್ಡ ಬಂದ್ರೂ ಯೋಚನೆ ಮಾಡ್ತೀನಿ, ಆನೆ ಬಗ್ಗೆ ಯೋಚನೆನೇ ಇಲ್ಲ.”

ನಿನ್ನೆಯಿಂದ ಮೋಡ ಕಟ್ಟಿದೆ. ಅಕಾಲದ ಮಳೆ ಬಿದ್ದರೆ ಹಣ್ಣೆಲ್ಲ ನೆಲಕ್ಕೆ. ಬೆಳೆಗಾರರು ಆಕಾಶ ನೋಡಿಕೊಂಡೇ ನಡೆಯುತ್ತಾರೆ, ಎದುರಿಗೆ ಸಿಕ್ಕವರಿಗೆ ಢಿಕ್ಕಿ ಹೊಡೆಯುತ್ತಾರೆ. ನನ್ನ ಸರ್ವರ್ ಮಾತ್ರ ಆರಾಮ.

ಡಿಸೆಂಬರ್ 30, ಮಂಗಳವಾರ

ಮಧ್ಯಾಹ್ನ ಅಂಗಡಿ ಮುಚ್ಚಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ದೇವರಾಜನ ಜೀಪು ಹೊರಟು ಹೋಗಿತ್ತು. ನಾಗಶ್ರೀ ಹೋಗುವಾಗ, “ಇವತ್ತು ಬೈನೆಖಾನಿಗೆ. ತೋಟದ ಮೇಲಿನ ಬ್ಲಾಕಂತೆ, ಹಣ್ಣು ಜಡೆ ಹೆಣೆದ ಹಾಗಿದೆಯಂತೆ” ಎಂದು ಕೈ ಬೀಸಿದ್ದಳು. ನಾನು ಅಂಗಡಿ ಮುಂದೆ ನೀರು ಚಿಮುಕಿಸುತ್ತಿದ್ದೆ. ಫೋನ್ ಬಂತು. ಹೊಸ ನಂಬರು, ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

“ರಜನಿಯಾ? ನಾನು ವಿಮಲಮ್ಮ. ಬೈನೆಖಾನಿಂದ.”

“ಹೇಳಿ ಅಮ್ಮಾವ್ರೆ.”

“ಒಂಟಿ ಸಲಗ ಬಂದಿದೆ. ಮೇಲಿನ ಬ್ಲಾಕಿನ ದಾರೀಲಿ ಬೈನೆ ಮರ ಬೀಳಿಸಿ ಸಿಗಿದು ತಿಂತಿದೆ. ಅಡಿಗೆಮನೆ ಕಿಟಕಿಗೆ ಸದ್ದು ಕೇಳ್ತದೆ. ಇವರಿಗೆ ಗೊತ್ತು. ಬಾಯಿ ಬಿಡಬೇಡ ಅಂತ ರೈಟರಿಗೂ ಹೇಳಿದಾರೆ.”

“ನೀವೇ ಒತ್ತಿ ಅಮ್ಮಾವ್ರೆ, ಅವರ ಫೋನಲ್ಲಿ…”

“ಫೋನ್ ಅವರ ಜೇಬಲ್ಲಿದೆ. ನಂಗೆಲ್ಲಿ ಕೊಟ್ಟಿದೀಯ ಗುಂಡಿ?” ಎಂದು ಇಟ್ಟುಬಿಟ್ಟರು.

ನಾಗಶ್ರೀಯೊಬ್ಬಳಿಗೆ ಫೋನ್ ಮಾಡಿ ಹೇಳಬಹುದಿತ್ತು. ಆದರೆ ಇವತ್ತು ಬೈನೆಖಾನಿಗೆ ಹೋಗಿರುವುದು ಒಂದೇ ಜೀಪಲ್ಲ. ಎಲ್ಲರೂ ಫೋನ್ ಸುಮ್ಮನಿದೆ ಎಂಬ ಧೈರ್ಯದ ಮೇಲೆ ಹೋಗಿದ್ದಾರೆ. ಆ ಧೈರ್ಯ ಕೊಟ್ಟವಳು ನಾನು. ಒಂದು ಕೈಯಲ್ಲಿ ಲ್ಯಾಪ್‌ಟಾಪ್ ತೆರೆಯುತ್ತ ಇನ್ನೊಂದು ಕೈಯಲ್ಲಿ ಗೌಡರಿಗೆ ಫೋನ್ ಮಾಡಿದೆ. ಹಕ್ಕು ಅವರದಲ್ಲವೇ?

“ಗೌ‌ಡ್ರೆ, ನಿಮ್ಮಲ್ಲಿ ಆನೆ ಇದೆಯಂತೆ. ಕೂಗಿ.”

“ಯಾರಮ್ಮ ಹೇಳಿದ್ದು?”

“ಯಾರಾದ್ರೂ ಆಗ್ಲಿ. ಇದೆಯೋ ಇಲ್ವೋ?”

“ಇದೆ. ತಿಂದು ಅದರ ಪಾಡಿಗೆ ಅದು ಹೋಗುತ್ತೆ. ಮೋಡ ನೋಡಿದೀಯಾ? ಇವತ್ತು ಜನ ವಾಪಸ್ ಹೋದ್ರೆ ವರ್ಷದ ಬೆಳೆ ಮಣ್ಣಿಗೆ. ಮತ್ತೆ ನೋಡು, ನನ್ನ ತೋಟ, ನಾನು ಕೂಗ್ಬೇಕು. ನೀನೇ ಮಾಡಿದ ರೂಲಲ್ವೇನಮ್ಮ?”

ಹೌದು, ನಾನೇ ಮಾಡಿದ್ದು. ಸುಳ್ಳು ಕೂಗುವವನನ್ನು ಹಿಡಿಯುವ ಬಲೆ ಹೆಣೆದಿದ್ದೆ. ನಿಜವನ್ನು ನುಂಗುವವನು ಅದರ ಕಣ್ಣಿನಲ್ಲೇ ನುಸುಳಿ ಹೊರಬಂದಿದ್ದ. ಆದರೆ ರೂಲು ಮಾಡಿದವಳ ಕೈಯಲ್ಲಿ ಇನ್ನೂ ಯಜಮಾನಿಕೆ ಇತ್ತು. ಮಾತಾಡುತ್ತಲೇ ಸರ್ವರ್ ಒಳಗೆ ಹೋಗಿ, ಬೈನೆಖಾನಿನ ಮೇಲೆ ಕೂಗುವ ಹಕ್ಕನ್ನು ನನಗೆ ನಾನೇ ಕೊಟ್ಟುಕೊಂಡೆ.

“ರಜನಿ, ಏನೋ ಟೈಪ್ ಮಾಡೋ ಸದ್ದು ಕೇಳ್ತಿದೆ. ಒತ್ತಿದ್ರೆ ನೋಡು, ನನ್ನ ರೂಮು, ನನ್ನ ಕರೆಂಟು. ನಾಳೆ ನಿನ್ನ ಪೆಟ್ಟಿಗೆ ಬೀದೀಲಿರುತ್ತೆ.”

“ಗೌಡ್ರೆ, ಫೋನ್ ಇಡಿ,” ಎಂದೆ. “ನಿಮ್ಮ ಫೋನಿಗೂ ಒಂದು ಕರೆ ಬರೋದಿದೆ.”

ಒತ್ತಿದೆ.

ಆಮೇಲೆ ಮಾಡಲು ಏನೂ ಇರಲಿಲ್ಲ. ಯಾರು ಯಾರು ಕರೆ ಎತ್ತಿದರು ಎಂದು ತೆರೆಯ ಮೇಲೆ ಹಸಿರು ಚುಕ್ಕಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ದೇವರಾಜ, ಹಸಿರು. ನಾಗಶ್ರೀಯ ಹೆಸರಿನ ಮುಂದೆ ಏನೂ ಇಲ್ಲ. ಮಾವನವರು ಬಂದು ನನ್ನ ಹಿಂದೆ ನಿಂತರು. ನೀರು ಚಿಮುಕಿಸುವ ಚೊಂಬು ನನ್ನ ಕಂಕುಳಲ್ಲೇ ಇತ್ತು, ಸೀರೆಯೆಲ್ಲ ಒದ್ದೆ.

ಜೀಪು ಹನ್ನೊಂದರ ಸುಮಾರಿಗೆ ವಾಪಸ್ ಬಂತು. ನಾಗಶ್ರೀ ಇಳಿದು ನೇರ ನನ್ನ ಹತ್ತಿರ ಬಂದು, ಜೆರಾಕ್ಸ್ ಮಷೀನಿಗೆ ಒರಗಿ ನಿಂತಳು.

“ಯಾಕೆ ಫೋನ್ ಎತ್ಲಿಲ್ಲ?” ಎಂದು ಕೂಗಾಡಿದೆ.

“ದೇವರಾಜಂದು, ಎಲ್ರದ್ದೂ ಒಟ್ಟಿಗೆ ಹೊಡೀತಲ್ಲ, ನಂದು ಯಾಕೆ ಎತ್ಲಿ? ಅವನು ಬ್ರೇಕ್ ಹಾಕ್ದ. ಮುಂದಿನ ತಿರುವಲ್ಲಿ ಕಾಫಿ ಗಿಡ ಅಲ್ಲಾಡ್ತು ಕಣೆ.” ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು, “ಗಾಳಿ ಇರ್ಲಿಲ್ಲ.”

ದೇವರಾಜ ಆ ಇಳಿಜಾರಿನ ದಾರಿಯಲ್ಲಿ ಜೀಪನ್ನು ರಿವರ್ಸಿನಲ್ಲೇ ಇಳಿಸಿದನಂತೆ. ತಾನು ಲೈಸೆನ್ಸಿಗೂ ಅಷ್ಟು ಚೆನ್ನಾಗಿ ರಿವರ್ಸ್ ಹೊಡೆದಿರಲಿಲ್ಲ ಎಂದು ನಾಲ್ಕು ಸಲ ಹೇಳಿದ.

ಬೈನೆಖಾನಿನ ಮೇಲೆ ನನಗೆ ಕೊಟ್ಟುಕೊಂಡಿದ್ದ ಹಕ್ಕನ್ನು ವಾಪಸ್ ತೆಗೆದೆ.

ಡಿಸೆಂಬರ್ 31, ಬುಧವಾರ

ಗೌಡರು ಮಾತಿಗೆ ತಪ್ಪುವವರಲ್ಲ. ಬೆಳಿಗ್ಗೆಯೇ ಗೋಡೌನಿನ ಕರೆಂಟ್ ತೆಗೆಸಿದರು. ಬ್ಯಾಟರಿ ಸಾಯುವ ಮುಂಚೆ ನಾನು, ಮಲ್ಲೇಶ್, ದೇವರಾಜ ಹೋಗಿ ಸರ್ವರ್ ಇಳಿಸಿ, ಗೋಣಿ ಹಾಸಿದ ಜೀಪಿನಲ್ಲಿ ಮಲಗಿಸಿಕೊಂಡು ಬಂದೆವು. ದಿನಸಿ ಅಂಗಡಿಯಲ್ಲಿ ಬೆಲ್ಲದ ಪೆಂಟೆಯ ಮೇಲಿನ ಹಲಗೆ ಖಾಲಿ ಇತ್ತು. ಇರುವೆ ಬಾರದ ಹಾಗೆ ಸುತ್ತ ಅರಿಶಿನ ಹಾಕಿದೆ.

ಮಾವನವರು ಕನ್ನಡಕ ಏರಿಸಿ ನೋಡಿದರು. “ಇದೇನಾ ನಿನ್ನ ಆನೆ? ಇಷ್ಟು ಸಣ್ಣದಾ?” ಎಂದು ಅದರ ಹಣೆಗೆ, ಹಣೆ ಎಂದುಕೊಂಡ ಜಾಗಕ್ಕೆ, ವಿಭೂತಿ ಎಳೆದರು.

ಪುಟ್ಟಸ್ವಾಮಿ ಗೌಡರನ್ನು ನೋಡುವವರ ಪಂಕ್ತಿಗೆ ಇಳಿಸಿದೆ, ಈ ಹಣ್ಣಿನ ಕಾಲ ಮುಗಿಯುವವರೆಗೆ. ಮಲ್ಲೇಶ್, “ಅವರ ಮನೆ ದಿನಸಿ ನಮ್ಮಲ್ಲೇ ತಗೊಳ್ಳೋದು” ಎಂದು ನೆನಪಿಸಿದರು. ಬೇರೆ ಕಡೆ ತರಿಸಿದರೆ ತರಿಸಲಿ. ಅವರ ಹೆಸರಿನ ಮುಂದಿನ ಗುರುತು ತೆಗೆಯಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಇಷ್ಟು ಸುಲಭದ ಕೆಲಸವನ್ನು ಇಷ್ಟು ದಿನ ಯಾಕೆ ಮಾಡಿರಲಿಲ್ಲವೋ. ಪುರುಸೊತ್ತಾಗಿರಲಿಲ್ಲವೇನೋ.

ಇನ್ನು ಪ್ರತಿ ತೋಟಕ್ಕೂ ಇಬ್ಬರು ಕೂಗುವವರು, ಒಬ್ಬರು ಬಾಯಿ ಮುಚ್ಚಿದರೆ ಇನ್ನೊಬ್ಬರಿಗೆ ಬಾಯಿ ಇರಲಿ. ಎರಡನೆಯವರನ್ನು ಹುಡುಕಲು ಹೆಸರುಗಳನ್ನು ಓದುತ್ತ ಹೋದೆ. ಈವರೆಗೆ ನಾನು ಹಕ್ಕು ಕೊಟ್ಟವರಲ್ಲಿ, ನನ್ನನ್ನು ಬಿಟ್ಟರೆ, ಒಬ್ಬಳೂ ಹೆಂಗಸಿಲ್ಲ. ಕೇಳಿದವರಿಗೆಲ್ಲ ಕೊಟ್ಟಿದ್ದೆ. ಅವರು ಕೇಳಿರಲಿಲ್ಲ.

ವಿಮಲಮ್ಮನವರಿಗೆ ನಾನೇ ಫೋನ್ ಮಾಡಿದೆ.

“ಬೈನೆಖಾನಿಗೆ ನಿಮ್ಮ ಹೆಸರು ಹಾಕ್ಲಾ?”

“ಒತ್ತಿದ್ರೆ ಮನೇಲಿ ಗೊತ್ತಾಗುತ್ತಾ?”

“ಗೊತ್ತಾಗುತ್ತೆ. ಕರೇಲಿ ಹೆಸರು ಬರುತ್ತೆ. ಮನೇಲಿ ಅಷ್ಟೇ ಅಲ್ಲ, ಊರಿಗೇ ಗೊತ್ತಾಗುತ್ತೆ.”

ಆ ಕಡೆ ಕುಕ್ಕರ್ ಕೂಗಿತು. ಅವರು ಹೋಗಿ ಒಲೆ ಆರಿಸಿ ಬಂದಿರಬೇಕು, ಅಷ್ಟು ಹೊತ್ತಾಯಿತು.

“ಹಾಕು. ಬರೀ ವಿಮಲಾ ಅಂತ ಹಾಕ್ಬೇಡ, ಯಾರೋ ಹುಡುಗಿ ಅನ್ಕೋತಾರೆ. ವಿಮಲಮ್ಮ ಅಂತಲೇ ಹಾಕು.”

ಜನವರಿ 12, ಸೋಮವಾರ

ಇವತ್ತು ಪುಟ್ಟಸ್ವಾಮಿ ಗೌಡರು ಅಂಗಡಿಗೆ ಬಂದರು. ಅಂದಿನಿಂದ ಇದೇ ಮೊದಲು. ನನ್ನ ಕಡೆ ನೋಡದೆ ಮಾವನವರ ಕಟ್ಟೆಗೇ ಹೋದರು.

“ಸಿದ್ದಬಸಪ್ಪ, ನಿಮ್ಮ ಸೊಸೆಗೆ ಒಂದು ಮಾತು ಹೇಳಿ.”

“ನಂದು ಬೆಲ್ಲ, ಬೇಳೆ ಗೌಡ್ರೆ. ಮೇಲಿನ ಹಲಗೆ ಅವಳದು.”

ಗೌಡರು ಬಂದು ನನ್ನೆದುರಿನ ಸ್ಟೂಲಿನ ಮೇಲೆ ಕೂತರು. ಜೆರಾಕ್ಸಿಗೆ ಬಂದವರು ಮೂರ್ನಾಲ್ಕು ಜನ ಇದ್ದರು. ಅವರ ಕಾಗದ ಮಷೀನಿನೊಳಗಿದ್ದರೆ ಕಿವಿ ನಮ್ಮ ಕಡೆ ಇತ್ತು.

“ನೋಡಮ್ಮ, ಆದದ್ದಾಯ್ತು. ಮನೆ ಹೆಂಗಸಿನ ಹೆಸರು ಊರವರ ಫೋನಲ್ಲೆಲ್ಲ ಬರೋದು ಚೆಂದವಾ? ಅದನ್ನ ತೆಗೆದು ನಂದು ಹಾಕು. ಬೇಕಾದ್ರೆ ಪೆಟ್ಟಿಗೆ ವಾಪಸ್ ಗೋಡೌನಿಗೆ ತಗೊಂಡು ಬಾ. ಹೊಸ ಬ್ಯಾಟರಿ ಹಾಕಿಸಿ ಕೊಡ್ತೀನಿ.”

“ಅವರದು ತೆಗೆಯಕ್ಕಾಗಲ್ಲ ಗೌಡ್ರೆ.”

“ಹಂಗಾದ್ರೆ ನಂದಾದ್ರೂ ಕೊಡು.”

“ಹಣ್ಣಿನ ಕಾಲ ಮುಗೀಲಿ, ಮಾತಾಡೋಣ. ಕಾಫಿ ಕುಡೀತೀರಾ?”

ಅವರು ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಅವರ ಜೇಬು ಹೊಡೆದುಕೊಂಡಿತು. ಜೊತೆಗೆ ನನ್ನ ಫೋನು, ಕಟ್ಟೆಯ ಮೇಲಿದ್ದ ಮಲ್ಲೇಶ್ ಅವರ ಫೋನು, ಸಾಲಿನಲ್ಲಿದ್ದ ಇಬ್ಬರದು. ಎಲ್ಲದರಿಂದಲೂ ಒಂದೇ ದನಿ: “ಬೈನೆಖಾನ್ ಎಸ್ಟೇಟಿನಲ್ಲಿ ಆನೆ ಇದೆ. ಹೋಗಬೇಡಿ. ಕೂಗಿದವರು, ವಿಮಲಮ್ಮ.”

ಗೌಡರು ಫೋನನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಅಂಗಡಿಯಲ್ಲಿದ್ದವರೆಲ್ಲ ಗೌಡರನ್ನು ನೋಡಿದರು. ಮಷೀನು ಮಾತ್ರ ತನ್ನ ಪಾಡಿಗೆ ಒಂದೊಂದೇ ಹಾಳೆ ಹೊರಗೆ ತಳ್ಳುತ್ತಿತ್ತು. ಗೌಡರು ಎರಡು ಸಲ ತಪ್ಪು ನಂಬರು ಒತ್ತಿ, ಮೂರನೆಯ ಸಲಕ್ಕೆ ರೈಟರನ್ನು ಹಿಡಿದರು.

“ಜನ ಎಲ್ಲಿದಾರೆ? ಎಲ್ರನ್ನೂ ಕಣಕ್ಕೆ ಇಳಿಸ್ಕೊಂಡು ಬಾ. ಹಣ್ಣು ಸುಡುಗಾಡಿಗೆ ಹೋಗ್ಲಿ, ಚೀಲ ಅಲ್ಲೇ ಬಿಡ್ಲಿ… ಎಂತದು? ನೀನು ಕಂಡಿಲ್ವಾ? ನೀನು ಕಾಣೋದು ಬೇಡ ಮಾರಾಯ, ಅಮ್ಮಾವ್ರು ಕಂಡಿದಾರೆ.”

ಕಾಫಿ ತಂದಿಟ್ಟೆ. ಆರಿತು. ಜನರೆಲ್ಲ ಕಣಕ್ಕೆ ಬಂದು ಮುಟ್ಟಿದರೆಂದು ರೈಟರ್ ತಿರುಗಿ ಫೋನ್ ಮಾಡುವವರೆಗೂ ಗೌಡರು ಸ್ಟೂಲು ಬಿಟ್ಟು ಏಳಲಿಲ್ಲ.